ದೊಡ್ಡಮ್ಮನ ಕೆಂಪು ನಕ್ಷತ್ರ

ನಮ್ಮ ದೊಡ್ಡಮ್ಮ ಕಾರ್ಖಾನೆಯಲ್ಲಿ ನೂಲಿನ ಬಣ್ಣ ಹೊಂದಿಸುವ ಕೆಲಸದಲ್ಲಿದ್ದಳು. ಅವಳ ಕಣ್ಣಿಗೆ ಮಣ್ಣೆರಚುವುದು ಯಾರಿಂದಲೂ ಆಗುತ್ತಿರಲಿಲ್ಲ. ಆ ಜಂಬವೂ ಅವಳಿಗೆ ಸಾಕಷ್ಟಿತ್ತು.

ಅದೇ ಕಣ್ಣಿನಿಂದ ಇಪ್ಪತ್ತಾರು ವರ್ಷ ಒಂದೇ ನಕ್ಷತ್ರದ ಬೆನ್ನು ಬಿದ್ದಳು. ಬರಿಗಣ್ಣಿಗೆ ಕಾಣದ್ದು, ಹನ್ನೊಂದು ತಿಂಗಳಿಗೊಮ್ಮೆ ಬೆಳಗಿ ಮತ್ತೆ ಮಂಕಾಗುವಂಥದ್ದು. ತಾರಸಿಯ ದೂರದರ್ಶಕದಲ್ಲಿ ನೋಡಿ ಪುಸ್ತಕದಲ್ಲಿ ಎರಡು ಅಂಕಿ ಬರೆಯುತ್ತಿದ್ದಳು. ಬೆಳಕಿನ ಅಂಕಿಯನ್ನು ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿಯೇ ಬರೆಯುವಳು. ಬಣ್ಣಕ್ಕೆ ಮಾತ್ರ ಯಾರ ಹಂಗೂ ಬೇಡ, ಅವಳ ಕಣ್ಣೇ ಅಳತೆಗೋಲು. ಬಿಳಿಗೆ ಸೊನ್ನೆ, ಕಡುಗೆಂಪಿಗೆ ಹತ್ತು. ಮೊದಲ ವರ್ಷ ನಾಲ್ಕಿದ್ದದ್ದು ಈಗ ಏಳಕ್ಕೆ ಬಂದಿತ್ತು. ನಕ್ಷತ್ರ ಕೆಂಪಾಗುತ್ತಿದೆ ಎಂಬುದು ಜಗತ್ತಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅದು ತನ್ನ ಹೆಸರಿನಲ್ಲಿ ಅಚ್ಚಾಗಬೇಕು ಎಂಬುದೊಂದೇ ಅವಳ ಆಸೆ.

ಅವಳು ಬರೆದು ಕೇಳಿದ್ದಕ್ಕೆ ಕೊನೆಗೂ ವೀಕ್ಷಣಾಲಯದಿಂದ ಕಾಗದ ಬಂತು: ಪುಸ್ತಕಗಳನ್ನು ಕಳಿಸಿ, ನಿಮ್ಮ ಹೆಸರಿನಲ್ಲೇ ಪ್ರಕಟಿಸುತ್ತೇವೆ. ಒಂದು ವಾರ ದೊಡ್ಡಮ್ಮನ ಕಾಲು ನೆಲದ ಮೇಲಿರಲಿಲ್ಲ.

ಅಷ್ಟರಲ್ಲಿ ಬಲಗಣ್ಣಿನ ಪೊರೆ ತೆಗೆಸುವ ದಿನ ಬಂತು. ಪಟ್ಟಿ ಬಿಚ್ಚಿದ ಬೆಳಿಗ್ಗೆ ಅಡುಗೆಮನೆಯಿಂದ ಕೂಗಿದಳು.

"ಗೋಡೆಗೆ ಯಾವಾಗ ಬಣ್ಣ ಹೊಡೆಸಿದ್ರಿ?"

"ಯಾರೂ ಹೊಡೆಸಿಲ್ಲ ದೊಡ್ಡಮ್ಮ. ಅದು ಮೊದಲಿಂದಲೂ ಬಿಳೀನೇ."

ಅವಳು ಒಂದು ಕಣ್ಣು ಮುಚ್ಚಿ ನೋಡಿದಳು, ಆಮೇಲೆ ಇನ್ನೊಂದು. ಬಲಗಣ್ಣಿಗೆ ಬಿಳಿ, ಎಡಗಣ್ಣಿಗೆ ಹಳದಿ.

"ಕೆಂಪಾಗಿದ್ದು ನಕ್ಷತ್ರ ಅಲ್ಲ ಕಣೆ. ವರ್ಷ ವರ್ಷ ಹಳದಿಯಾಗ್ತಾ ಬಂದದ್ದು ನನ್ನ ಪೊರೆ."

ನಾನು ದೊಡ್ಡ ಬುದ್ಧಿವಂತೆಯ ಹಾಗೆ, "ಯಾರಿಗೆ ಗೊತ್ತಾಗತ್ತೆ? ಸುಮ್ನೆ ಕಳಿಸಿಬಿಡು" ಎಂದೆ. ಅವಳು ನನ್ನನ್ನು ನೋಡಿದ ರೀತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆ ವಾರವೇ ಬಲಗಣ್ಣಿನಿಂದ ನಕ್ಷತ್ರ ನೋಡಿದಳು. ನಾಲ್ಕು! ಇಪ್ಪತ್ತಾರು ವರ್ಷದಲ್ಲಿ ಅದು ಒಂದು ಚೂರೂ ಬದಲಾಗಿರಲಿಲ್ಲ. ಪುಸ್ತಕಗಳ ಜೊತೆ ಚೀಟಿ ಇಟ್ಟಳು: "ಬೆಳಕಿನ ಅಂಕಿಗಳು ಸರಿ. ಬಣ್ಣದವು ನನ್ನ ಕಣ್ಣಿನ ಪೊರೆಯವು, ಹೊಡೆದುಹಾಕಿ." ಬೆಳಕಿನ ಅಂಕಿಗಳು ಯಾವುದೋ ಉದ್ದನೆಯ ಪಟ್ಟಿಯಲ್ಲಿ, ನೂರಾರು ಜನರ ನಡುವೆ ಅಚ್ಚಾದವು.

ಎಡಗಣ್ಣಿನ ಶಸ್ತ್ರಚಿಕಿತ್ಸೆಗೆ ಡಾಕ್ಟರು ಎರಡು ಸಲ ಹೇಳಿ ಕಳಿಸಿದರು.

"ಅದೊಂದು ಹಾಗೇ ಇರ್ಲಿ ಬಿಡು" ಎಂದಳು ದೊಡ್ಡಮ್ಮ.

ಈಗಲೂ ಬಲಗಣ್ಣಿನಿಂದ ನೋಡಿ ಅಂಕಿ ಬರೆಯುತ್ತಾಳೆ. ಆಮೇಲೆ ಪೆನ್ನು ಮುಚ್ಚಿಟ್ಟು ಎಡಗಣ್ಣಿನಿಂದ ನೋಡುತ್ತಾ ತುಂಬಾ ಹೊತ್ತು ಕೂತಿರುತ್ತಾಳೆ.