ಎಂಟು ಖಾಲಿ ತೋಟಾ, ಒಂದು ಸ್ಟೀಲ್ ಬೋಗುಣಿ

ಕಳೆದ ವಾರದಿಂದ ನನ್ನ ಮೊಬೈಲ್ ನನ್ನನ್ನು ಡಕಾಯಿತಳೆಂದೇ ತಿಳಿದುಕೊಂಡಿದೆ. ಸೀರೆ ನೋಡಲು ಹೋದರೆ ಬಂದೂಕಿನ ಬೆಲ್ಟ್ ತೋರಿಸುತ್ತದೆ. ಕುಕ್ಕರ್ ಗ್ಯಾಸ್ಕೆಟ್ ಹುಡುಕಿದರೆ ಬೇಟೆಗಾರರ ಟೋಪಿ! (ಸಾರಿಗೆ ಉಪ್ಪು ಕಡಿಮೆಯಾದರೂ ನಮ್ಮ ಮನೆಯವರು ಈಗ ತುಟಿ ಬಿಚ್ಚುತ್ತಿಲ್ಲ.)

ಇದಕ್ಕೆಲ್ಲ ಕಾರಣ ನನ್ನ ಸೋದರಮಾವ ಹಾಲಪ್ಪ. ನ್ಯಾಮತಿ ಕಡೆ, ಕಾಡಂಚಿನಲ್ಲಿ ಅವರದು ಮೂರು ಎಕರೆ ಮೆಕ್ಕೆಜೋಳ. ಬೆಳೆ ಕಾಯಲು ಲೈಸೆನ್ಸ್ ಇರುವ ಒಂದು ಬಂದೂಕು. ಹಾಗಂತ ಮಾವ ಇವತ್ತಿನವರೆಗೆ ಒಂದು ಹಂದಿಯನ್ನೂ ಹೊಡೆದವರಲ್ಲ. ಗಾಳಿಯಲ್ಲಿ ಒಂದು ಈಡು ಹಾರಿಸುತ್ತಾರೆ, ಹಂದಿಗಳು ಓಡುತ್ತವೆ, ಅಷ್ಟೇ.

ಕಳೆದ ವಾರ ಫೋನ್ ಮಾಡಿದರು. "ರೇಣೂ, ಆನ್‌ಲೈನಾಗೆ ಹಳೇ ಖಾಲಿ ತೋಟಾ ಸಿಗ್ತಾವಂತಲ್ಲ? ಹಿತ್ತಾಳೇವು. ಎಂಟು ತರಿಸ್ಕೊಡವ್ವ."

ವಿಷಯ ಇಷ್ಟು. ಲೈಸೆನ್ಸ್ ನಿಯಮದಂತೆ ಹೊಸ ತೋಟಾ ಬೇಕೆಂದರೆ ಹಾರಿಸಿದ ತೋಟಾಗಳ ಖಾಲಿ ಕೊಳವೆಗಳನ್ನು ತಂದು ತೋರಿಸಬೇಕು. ಮಾವ ಅಂಥ ಎಂಟನ್ನು ಡಬ್ಬಿಗೆ ಹಾಕಿ ಅಟ್ಟದ ಮೇಲೆ ಜೋಪಾನ ಮಾಡಿದ್ದರು. ಅತ್ತೆ ಹಬ್ಬಕ್ಕೆ ಮನೆ ತೊಳೆಯುವಾಗ ಹಳೆಯ ಹಿತ್ತಾಳೆ ಚೊಂಬಿನ ಜೊತೆ ಅವನ್ನೂ ಪಾತ್ರೆಯವಳ ಬುಟ್ಟಿಗೆ ಸುರಿದು ಒಂದು ಸ್ಟೀಲ್ ಬೋಗುಣಿ ತೆಗೆದುಕೊಂಡಿದ್ದಾರೆ! ಈಗ ಜೋಳದ ತೆನೆಗೆ ಹಾಲು ತುಂಬುವ ಹೊತ್ತು. ಉಳಿದಿರುವುದು ಒಂದೇ ತೋಟಾ.

"ಅತ್ತೆ ಹೇಳಿದರಾ?"

"ಅವಳೆಲ್ಲಿ ಹೇಳ್ತಾಳೆ? ಚೊಂಬು ಇಲ್ಲ, ಹೊಸ ಬೋಗುಣಿ ಬಂದೈತೆ. ನನಗೆ ತಿಳಿಯಲ್ವಾ? ನಾನೇ ಎಲ್ಲೋ ಇಟ್ಟು ಮರ್ತೀನಿ ಅಂದೀನಿ. ತನ್ನಿಂದ ಬೆಳೆ ಹಾಳಾತು ಅಂತ ಗೊತ್ತಾದ್ರೆ ಊಟ ಬಿಡ್ತಾಳೆ."

ಅರ್ಧ ಗಂಟೆ ಬಿಟ್ಟು ಅತ್ತೆಯ ಫೋನ್. ದನಿ ಸಣ್ಣಗಿತ್ತು. "ರೇಣು, ಒಂದು ತಪ್ಪು ಮಾಡೀನಿ ಕಣವ್ವ. ನಿಮ್ಮ ಮಾವ ಪಾಪ, ತಾವೇ ಮರ್ತೀನಿ ಅಂದ್ಕಂಡು ಅಟ್ಟ ಹುಡುಕ್ತಾ ಕುಂತಾರೆ. ಹೇಳಾಕೆ ಬಾಯೇ ಬರವಲ್ದು. ಆನ್‌ಲೈನಾಗೆ ಎಂಟು ತರಿಸ್ಕೊಡು, ಡಬ್ಬಿಗೆ ಹಾಕಿ ಸುಮ್ಕಾಗ್ತೀನಿ."

ನಾನು ಹುಡುಕಿದೆ. ಸಿಕ್ಕಿತು! ಬಳಸಿದ ಹಿತ್ತಾಳೆ ಕೇಸ್, ನೂರರ ಪ್ಯಾಕ್, ತೊಳೆದು ಪಾಲಿಶ್ ಮಾಡಿದ್ದು, ಮತ್ತೆ ಮದ್ದು ತುಂಬಲು ಯೋಗ್ಯ. ಮದ್ದು ತುಂಬಲು ಎಂದು ಓದಿದ್ದೇ ಬೆರಳು ನಿಂತಿತು. ಎಲ್ಲಿಯೋ ಯಾರೋ ಹಾರಿಸಿದ ಈಡನ್ನು ಮಾವನದೆಂದು ತೋರಿಸುವುದೇ? ಸಿಕ್ಕಿಬಿದ್ದರೆ ಲೈಸೆನ್ಸ್ ಹೋಯಿತು. ಸಿಕ್ಕಿಬೀಳದಿದ್ದರೂ ಮಾವ ನೆಮ್ಮದಿಯಾಗಿ ಮಲಗಿಯಾರೇ?

ಭಾನುವಾರ ಚನ್ನಗಿರಿಯಲ್ಲಿ ಬಸ್ ಹತ್ತಿದೆ, ಹೊನ್ನಾಳಿಯಲ್ಲಿ ಬದಲಿಸಿದೆ. ಇಬ್ಬರನ್ನೂ ಎದುರುಬದುರು ಕೂರಿಸಿ ಕೇಳಿದೆ: "ಇಬ್ಬರೂ ಒಂದೇ ಆರ್ಡರ್ ಕೊಟ್ಟಿದ್ದೀರಿ. ಒಂದು ಪಾರ್ಸೆಲ್ ಸಾಕಾ, ಎರಡು ಬೇಕಾ?"

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮಾವ ಸೂರು ನೋಡಿದರು. ಆಮೇಲೆ ಮೆಲ್ಲಗೆ, "ಹೋಗ್ಲಿ ಬಿಡೇ. ಬೋಗುಣಿ ಗಟ್ಟಿ ಐತೆ" ಅಂದರು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಮರುದಿನ ಕೊಳವೆಗಳು ಕಳೆದದ್ದನ್ನು ತಿಳಿಸಲು ಮೂವರೂ ಪೊಲೀಸ್ ಸ್ಟೇಷನ್‌ಗೆ ಹೋದೆವು. ಹೇಗೆ ಕಳೆಯಿತೆಂದು ಬರೆದುಕೊಡಿ ಅಂದರು.

"ನನ್ನ ಕೈಯಾಗೇ ಕಳೀತು ಅಂತ ಬರ್ಕಳ್ರಿ" ಎಂದರು ಮಾವ.

"ಸುಳ್ಳು ಸಾಹೇಬ್ರೆ, ಕೊಟ್ಟೋಳು ನಾನು" ಎಂದು ಅತ್ತೆ ಕೈಚೀಲದಿಂದ ಬೋಗುಣಿ ತೆಗೆದು ಮೇಜಿನ ಮೇಲೆ ಕುಕ್ಕಿದರು. ಸಾಕ್ಷಿ!

ಸಬ್ ಇನ್ಸ್‌ಪೆಕ್ಟರ್ ನಕ್ಕುಬಿಟ್ಟರು. "ಯಾರದು ತಪ್ಪು ಅಂತ ಮೊದ್ಲು ನೀವಿಬ್ರು ತೀರ್ಮಾನ ಮಾಡ್ಕಳ್ರಿ" ಎಂದು, ಕೊನೆಗೆ ಅತ್ತೆ ಹೇಳಿದಂತೆಯೇ ಬರೆಸಿಕೊಂಡರು. ವಿಚಾರಣೆ ಮುಗಿಯುವವರೆಗೆ ಹೊಸ ತೋಟಾ ಇಲ್ಲ.

ಅಲ್ಲಿಯವರೆಗೆ? ಸಂಜೆಯಾದರೆ ಅತ್ತೆ ಬದುವಿನ ಮೇಲೆ ನಿಂತು ಸೌಟಿನಿಂದ ಅದೇ ಬೋಗುಣಿ ಬಡಿಯುತ್ತಾರೆ. ಮಾವ ಇನ್ನೊಂದು ತುದಿಯಿಂದ ಕೂಗು ಹಾಕುತ್ತಾರೆ. "ಒಂದು ಮೂಲೆ ತಿಂದು ಹೋಗ್ಯಾವೆ, ಉಳಿದದ್ದು ಉಳಿದೈತೆ" ಎಂದು ನಿನ್ನೆ ಅತ್ತೆಯ ವರದಿ ಬಂತು. ಫೋನಿನಲ್ಲಿ ಅವರ ಹಿಂದಿನಿಂದ ಮಾವ ನಗುವುದು ಕೇಳಿಸಿತು.

ತಪ್ಪು ನಿನ್ನದು ಎಂದು ನಾವೆಲ್ಲ ದಿನಾ ಜಗಳವಾಡುತ್ತೇವೆ. ನಿಮ್ಮ ಮನೆಯಲ್ಲಿ ತಪ್ಪು ನನ್ನದು ಎಂದು ಜಗಳವಾಗಿ ಎಷ್ಟು ಕಾಲವಾಯಿತು?