ಸುಣ್ಣದ ಬೊಟ್ಟಿನ ಕಾಯಿ

ನಮ್ಮ ತಿಪಟೂರು ಸೀಮೆಯವರ ಕೈಗೆ ಒಂದು ತೆಂಗಿನಕಾಯಿ ಕೊಟ್ಟು ನೋಡಿ. ಮದುವೆಮನೆಯ ತಾಂಬೂಲದಲ್ಲಿ ಬಂದದ್ದಾದರೂ ಸರಿ, ಕೃತಜ್ಞತೆಗೂ ಮೊದಲು ಅದನ್ನು ಕಿವಿಯ ಬಳಿಗೊಯ್ದು ಅಲ್ಲಾಡಿಸುತ್ತಾರೆ. ಒಳಗೆ ನೀರೆಷ್ಟಿದೆ, ಕೊಬ್ಬರಿ ಕರಟ ಬಿಟ್ಟಿತೇ ಇಲ್ಲವೇ ಎಂಬುದೆಲ್ಲ ಆ ಅರೆಗಳಿಗೆಯಲ್ಲೇ ಇತ್ಯರ್ಥ. ಈ ಗಂಭೀರ ಭಂಗಿಯನ್ನು ಬಾಲ್ಯದಿಂದಲೂ ಅಣಕಿಸಿ ಏಟು ತಿಂದವನು ನಾನು. ಮೇಷ್ಟರ ಕುಂಟು, ಸೋದರಮಾವನ ಸೀನು, ಕನ್ನಡಿಯೆದುರು ನನ್ನದೇ ಗೂನುಬೆನ್ನು, ಯಾವುದನ್ನೂ ಬಿಟ್ಟವನಲ್ಲ. ಪರರ ನಡಿಗೆಯನ್ನು ದಿಟ್ಟಿಸುವುದಕ್ಕೂ ಪದವಿ ಕೊಡುವ ಫಿಸಿಯೋಥೆರಪಿ ಎಂಬ ವಿದ್ಯೆಗೆ ನಾನು ಸೇರಿದಾಗ ಅವ್ವ, "ಸದ್ಯ, ಇವ್ನ ಕೋತಿಚೇಷ್ಟೆಗೂ ಒಂದ್ ಕಾಲೇಜು ಸಿಕ್ತಲ್ಲ ಬುಡು" ಎಂದು ನಿಟ್ಟುಸಿರಿಟ್ಟಳು.

ಸ್ನಾಯುಗಳ ಲ್ಯಾಟಿನ್ ನಾಮಾವಳಿಯನ್ನು ಸಹಸ್ರನಾಮದಂತೆ ಉರುಹೊಡೆದು ಇಂಟರ್ನ್‌ಶಿಪ್ಪಿಗೆ ಬಿದ್ದಾಗ ಮನೆಗೇ ಹೋಗಿ ನೋಡಬೇಕಾದ ರೋಗಿಯಾಗಿ ನನ್ನ ಪಾಲಿಗೆ ಬಂದವರು ಹಂದನಕೆರೆಯ ಸಿದ್ರಾಮಜ್ಜ. ಅಟ್ಟದ ಏಣಿಯಿಂದ ಜಾರಿ ಬಲತೋಳು ಮುರಿದಿತ್ತು. ಮೂಳೆ ಕೂಡಿದ್ದರೂ ಕೈ ಎದೆಮಟ್ಟ ದಾಟದು. ಅಟ್ಟದಲ್ಲಿ ವರ್ಷಗಟ್ಟಲೆ ಒಣಗುವ ಕಾಯಿಗಳನ್ನು ಒಂದೊಂದಾಗಿ ಕಿವಿಗಿಟ್ಟು, ಇದು ಕೊಬ್ಬರಿಯಾಯಿತು, ಇದಿನ್ನೂ ಹಸಿ ಎಂದು ತೀರ್ಪು ಕೊಡುವ ನ್ಯಾಯಾಧೀಶಗಿರಿ ಆ ಮನೆಯಲ್ಲಿ ಅವರದೇ. ಎಡಗೈಯಲ್ಲಿ ನೋಡಬಹುದಲ್ಲ ಎಂದರೆ ಕಣ್ಣು ಕೆಕ್ಕರಿಸಿದರು.

"ಎಡಗೈಲಿ ಕಾಯಿ ಮುಟ್ತಾರೇನ್ಲಾ? ಅಟ್ಟದಿಂದ ಕಾಯಿ ಇಳ್ಸೋ ಹೊತ್ಗೆ ಈ ಕೈ ಏಳ್ಬೇಕು ಕಣಪ್ಪ. ಇಲ್ದಿದ್ರೆ ನನ್ ಅಳಿಯ ನೋಡ್ತಾನೆ. ಅವ್ನಿಗೆ ಕಾಯಿಗೂ ಕಲ್ಲಿಗೂ ಯತ್ವಾಸ ಗೊತ್ತಿಲ್ಲ."

ಸ್ನಾಯುಬಲಕ್ಕೆ ಭಾರ ಬೇಕು. ಡಂಬೆಲ್ಲನ್ನು ಹಂದನಕೆರೆಯಲ್ಲಿ ಎಲ್ಲಿ ಹುಡುಕಲಿ? ಬಲಿತ ಹಸಿ ಕಾಯೊಂದನ್ನು ಆರಿಸಿ, ಸುಣ್ಣದ ಬೊಟ್ಟಿಟ್ಟು, ವೈಜ್ಞಾನಿಕ ಗಾಂಭೀರ್ಯದಿಂದ ಅಪ್ಪಣೆ ಕೊಡಿಸಿದೆ: ದಿನವೂ ಇದನ್ನೇ ಎತ್ತಬೇಕು, ಬದಲಾಯಿಸಕೂಡದು. ವ್ಯಾಯಾಮ ಮುಗಿದೊಡನೆ ಅಜ್ಜನ ಹೆಂಡತಿ ಗಂಗಜ್ಜಿ ಅದನ್ನು ಭಕ್ತಿಯಿಂದ ಒಲೆಯ ಮೇಲಿನ ಹಲಗೆಯಲ್ಲಿಡುತ್ತಿದ್ದರು. ತಿಂಗಳುರುಳಿದಂತೆ ಹತ್ತು ಸಲ ಎತ್ತುತ್ತಿದ್ದವರು ಇಪ್ಪತ್ತಕ್ಕೇರಿದರು, ಮೂವತ್ತಕ್ಕೇರಿದರು. ನಾನು ಕೇಸ್ ಶೀಟಿನಲ್ಲಿ ಪ್ರಗತಿಯ ಮೇಲೆ ಪ್ರಗತಿ ಬರೆದು, ಗೈಡ್ ಮೇಡಂ ಎದುರು ಅಜ್ಜನ ಕೈಚಳಕವನ್ನು ಅಭಿನಯಿಸಿ ಚಪ್ಪಾಳೆ ಗಿಟ್ಟಿಸಿದೆ.

ಒಂದು ದಿನ ಗಂಗಜ್ಜಿ ಕಾಯಿ ತಂದುಕೊಡುವ ಮುನ್ನ, ಅಭ್ಯಾಸಬಲದಿಂದ, ಕಿವಿಯ ಬಳಿ ಅಲ್ಲಾಡಿಸಿದರು.

"ಲೋ ಡಾಕ್ಟ್ರೇ, ಇದ್ರಾಗೆ ನೀರೆಲ್ಲೈತೆ? ನಿಮ್ ಅಜ್ಜನ ಕೈ ಬಲಿತಿಲ್ಲ ಕಣೋ, ಕಾಯಿ ಒಣಗೈತೆ."

ಮೂರು ತಲೆಮಾರು ಕೊಬ್ಬರಿ ಮಾಡಿದ ಮನೆಯ ಕುಡಿ ನಾನು, ಕಾಯಿ ಒಣಗುತ್ತದೆಂಬುದನ್ನು ಮರೆತಿದ್ದೆ! ಅಜ್ಜ ನಗಲಿಲ್ಲ, ತಮ್ಮ ಬಲಗೈಯನ್ನು, ಬಾಡಿಗೆಗೆ ಬಂದು ಮೋಸ ಮಾಡಿದವನನ್ನು ನೋಡುವಂತೆ ನೋಡಿದರು. ಮೇಡಂ ಬಳಿ ತಪ್ಪೊಪ್ಪಿಕೊಂಡಾಗ ಅವರೆಂದದ್ದು ಇಷ್ಟೇ: "ಅಳತೆಗೋಲನ್ನೇ ಒಲೆ ಮೇಲಿಟ್ಟೆಯಲ್ಲಪ್ಪ."

ಭಾರ ಬದಿಗಿಟ್ಟು, ಮೊದಲು ಭುಜದ ಬಿಗಿ ಬಿಡಿಸುವುದರಿಂದ ಮತ್ತೆ ಶುರುಮಾಡಿದೆವು. ನಾನು ಎದುರು ನಿಂತು ಮಾಡುವುದು, ಅಜ್ಜ ನನ್ನಂತೆಯೇ ಮಾಡುವುದು. ಅವರೋ ಕೈಯ ಜೊತೆಗೆ ನನ್ನ ಗೂನು, ಪ್ಯಾಂಟು ಮೇಲೆಳೆದುಕೊಳ್ಳುವ ಚಾಳಿ, "ಗುಡ್, ವೆರಿ ಗುಡ್" ಎಂಬ ಮೂಗುಸ್ವರ ಎಲ್ಲವನ್ನೂ ಕಲಿತು ಬೀದಿಯವರಿಗೆ ಪ್ರದರ್ಶನ ಕೊಡತೊಡಗಿದರು. ಅಣಕಿಸಿಕೊಳ್ಳುವುದು ಎಷ್ಟು ಉರಿಯುತ್ತದೆಂದು ಆಗಲೇ ನನಗೆ ತಿಳಿದದ್ದು.

ಕಾಯಿ ಇಳಿಸುವ ದಿನ ನಾನೂ ಹೋದೆ, ಕೋನ ಅಳೆಯುವ ಸಾಧನವನ್ನು ಚೀಲದಲ್ಲಿಟ್ಟುಕೊಂಡು. ಅಳಿಯ ಒಂದು ಕಾಯನ್ನು ಹಿಡಿದು ಆ ಕಿವಿ ಈ ಕಿವಿ ಬದಲಿಸುತ್ತ ಯೋಚಿಸುತ್ತಿದ್ದ. ಅಜ್ಜನ ತಾಳ್ಮೆ ಹರಿಯಿತು. "ಕೊಡಿಲ್ಲಿ" ಎಂದು ಕಿತ್ತುಕೊಂಡವರೇ ಕಿವಿಗಿಟ್ಟು ಅಲ್ಲಾಡಿಸಿ, "ಹಸಿ" ಎಂದು ತೀರ್ಪಿತ್ತರು. ಮೇಲೆದ್ದದ್ದು ಬಲಗೈಯೆಂದು ಅವರಿಗೇ ಗೊತ್ತಾಗಲಿಲ್ಲ. ಗಂಗಜ್ಜಿ ಬಾಯಿ ತೆರೆಯುವಷ್ಟರಲ್ಲಿ ನಾನು ತುಟಿಯ ಮೇಲೆ ಬೆರಳಿಟ್ಟೆ. ಸಾಧನ ಚೀಲದಲ್ಲೇ ಉಳಿಯಿತು.

"ಏನ್ಲಾ ಹಂಗ್ ನೋಡ್ತಾ ನಿಂತೆ? ತಗೋ, ನೀನೂ ನೋಡು" ಎಂದು ಇನ್ನೊಂದನ್ನು ನನ್ನತ್ತ ಎಸೆದರು.

ಕಿವಿಯ ಬಳಿಗೊಯ್ದು ಅಲ್ಲಾಡಿಸಿದೆ. ಈ ಸಲ ಅಣಕವಲ್ಲ, ಕೇಳಿಸಿಕೊಳ್ಳುತ್ತಿದ್ದೆ.