ಗುಡಿಯಲ್ಲಿ ಕಟ್ಟಿದ ಎಮ್ಮೆ

ಗುಡಿ ನೋಡಲು ಬಂದವನು ನೋಡಿ ಹೋದದ್ದು ನಮ್ಮ ದನದ ಕೊಟ್ಟಿಗೆಯನ್ನು. ನಿಜಾಮನ ಕಾಲ. ಮಸ್ಕಿ ಕಡೆಯ ನಮ್ಮೂರಿನ ಹಳೆಯ ಕಲ್ಲುಗುಡಿಯಲ್ಲಿ ಅತ್ತೆ ಎಮ್ಮೆ ಕಟ್ಟುತ್ತಿದ್ದಳು, ಸೊಸೆಯಾದ ನಾನು ಲಿಂಗದ ಮುಂದೆಯೇ ಸಗಣಿಯ ಕುಳ್ಳು ಒಟ್ಟುತ್ತಿದ್ದೆ.

ಆ ಪರವೂರಿನವನು ಗುಡಿಯ ದಾರಿ ಕೇಳಿದಾಗ, ಸರಕಾರದವನಿರಬೇಕು, ಜಾಗ ಕಸಿದುಕೊಳ್ಳುತ್ತಾನೆ ಎಂದು ಅತ್ತೆ ಹೆದರಿದಳು.

"ಇಲ್ಲಿ ಗುಡಿ ಇಲ್ರೀ. ಅದು ನಮ್ಮ ಎಮ್ಮಿ ಕೊಟ್ಟಿಗಿ."

"ನಿಮ್ಮ ಎಮ್ಮಿ ಪುಣ್ಯ ಮಾಡೈತಿ ಬಿಡ್ರೀ ತಾಯಿ," ಎಂದು ಅವನು ಚಪ್ಪಲಿ ಹೊರಗೆ ಬಿಟ್ಟ. ನಾವು ಚಪ್ಪಲಿ ಮೆಟ್ಟಿಕೊಂಡೇ ಹೋಗುತ್ತಿದ್ದ ಜಾಗ ಅದು. ಸಗಣಿಯಲ್ಲಿ ಬರಿಗಾಲಲ್ಲಿ ನಡೆದು, ಕುಳ್ಳು ಸರಿಸಿ, ಲಿಂಗಕ್ಕೆ ಹಣೆ ಹಚ್ಚಿದ. ಕಾಲು ತೊಳೆಯಲು ನೀರು ಕೊಡುವಾಗ ನಾನು ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆಯನ್ನು ಕೇಳದೆ ಎಮ್ಮೆಯನ್ನು ಬೇವಿನ ಗಿಡಕ್ಕೆ ಕಟ್ಟಿ, ಕುಳ್ಳನ್ನೆಲ್ಲ ಹೊರಗೆ ಹೊತ್ತು ಹಾಕಿದೆ.